ನೀಲಿ ಗುರುತಿನ ಹಂಚುಗಳು

ಕಟ್ಟಡದ ಕೆಲಸದವರು ಬೆನ್ನ ಹಿಂದೆ ಅವಳನ್ನು ಮಣ್ಣಿನ ಮೇಡಂ ಎನ್ನುತ್ತಿದ್ದರು. ಸಿಮೆಂಟು ಎಂದರೆ ಮೂಗು ಮುರಿಯುವವಳು, ತಗಡು ಕಂಡರೆ ಹುಬ್ಬು ಗಂಟಿಕ್ಕುವವಳು. ಕೆರೆ ಪಕ್ಕದ ರೆಸಾರ್ಟಿನ ನಕ್ಷೆ ಅವಳದೇ. ಗೋಡೆಗೆ ಅಲ್ಲೇ ಅಗೆದ ಮಣ್ಣು, ಕಿಟಕಿಗೆ ಬಿದಿರು, ಚಾವಣಿಗೆ ಹಳೆಯ ಹಂಚು. ಹೊಸ ಹಂಚು ಒಂದೂ ಕೂಡದೆಂದು ಹಟ ಹಿಡಿದಿದ್ದಳು. ಹಂಚು ಸುಡಲು ಸೌದೆ ಬೇಕು, ಸೌದೆಗೆ ಮರ ಕಡಿಯಬೇಕು ಎಂಬುದು ಅವಳ ವಾದ. ವಾದವೇನೋ ಸರಿ. ಆದರೆ ಅಷ್ಟೊಂದು ಹಳೆ ಹಂಚು ಎಲ್ಲಿಂದ ತರುತ್ತೀಯಪ್ಪಾ ಎಂದು ಹಂಚಿನ ದಲ್ಲಾಳಿಯನ್ನು ಅವಳು ಕೇಳಿದ್ದು ಒಂದೇ ಸಲ. ಪಾಳುಬಿದ್ದ ಮನೆಗಳಿಂದ ಎಂದ ಅವನು. ಬೇಕಾದ ಉತ್ತರ ಸಿಕ್ಕಿದ ಮೇಲೆ ಎರಡನೇ ಸಲ ಯಾರು ಕೇಳುತ್ತಾರೆ?

ಒಂದು ಲೋಡಿನಲ್ಲಿ ಬಂದ ಕೆಲವು ಹಂಚುಗಳ ಒಳಮೈಯಲ್ಲಿ ನೀಲಿ ಬಣ್ಣದ ಇಂಟು ಗುರುತಿತ್ತು. ಅವಳು ಅದಕ್ಕೆ ಮರುಳಾದಳು. ಹಿಂದಿನ ಕಾಲದ ಹಂಚುಗಾರರು ತಮ್ಮ ಕೈಕೆಲಸಕ್ಕೆ ಹಾಕುತ್ತಿದ್ದ ಗುರುತು ಇದೆಂದು ತಾನೇ ಊಹಿಸಿ, ತಾನೇ ನಂಬಿ, ರೆಸಾರ್ಟಿನ ಮಾಲೀಕರನ್ನೂ ನಂಬಿಸಿದಳು. ಬಂದವರು ತಲೆ ಎತ್ತಿದರೆ ಕಾಣಲಿ ಎಂದು ಅವನ್ನೆಲ್ಲ ಆರಿಸಿ ಸ್ವಾಗತದ ಹಜಾರದ ನಟ್ಟನಡುವೆಯೇ ಹೊದಿಸಿದಳು.

ಉದ್ಘಾಟನೆಗೆ ಮೊದಲು ಕರೆಯಬೇಕಾದವಳು ದೊಡ್ಡಮ್ಮ. ತಾಯಿ ತೀರಿಕೊಂಡ ಮೇಲೆ ಇವಳನ್ನು ಸಾಕಿ ಓದಿಸಿದ್ದು ಅವಳೇ, ಹೊಲಿಗೆ ಹೊಲಿದು. ಗಲ್ಲಿಯ ಮನೆಯ ಮುಂಕೋಣೆಯೇ ಹೊಲಿಗೆ ಅಂಗಡಿ. ರೆಸಾರ್ಟಿನ ಕೆಲಸ ಶುರುವಾದಾಗಿನಿಂದ ಇವಳು ಆ ಕಡೆ ತಲೆ ಹಾಕಿರಲಿಲ್ಲ. ಆಮಂತ್ರಣ ಕೊಡಲು ಬಂದು ಹೊಸಿಲು ದಾಟಿದ್ದೇ ತಡ, ಕಾದ ಕಾವಲಿಯ ಮೇಲೆ ಮುಖ ಇಟ್ಟ ಹಾಗಾಯಿತು. ತಲೆ ಎತ್ತಿದಳು. ಹಂಚಿದ್ದ ಕಡೆ ತಗಡು. ಹೊಲಿಯುತ್ತಿದ್ದ ಇಬ್ಬರು ಹೆಂಗಸರ ಕುತ್ತಿಗೆಯ ಮೇಲೆ ಒದ್ದೆ ಬಟ್ಟೆ.

ದೊಡ್ಡಮ್ಮನಿಗೋ ಖುಷಿಯೋ ಖುಷಿ. ಹಳೆ ಹಂಚು ಕೊಟ್ಟರೆ ಬಿಟ್ಟಿಯಾಗಿ ಹೊಸ ತಗಡು ಹೊದಿಸುತ್ತೇನೆಂದು ಯಾರೋ ಒಬ್ಬ ಬಂದಿದ್ದನಂತೆ, ಅರ್ಧ ಗಲ್ಲಿ ಕೊಟ್ಟಿತಂತೆ.

"ಯಾವನೋ ಹುಚ್ಚನಿಗೆ ಹಳೇ ಹಂಚೇ ಬೇಕಂತೆ ಕಣೇ ಪುಟ್ಟಿ," ಎಂದು ದೊಡ್ಡಮ್ಮ ನಕ್ಕಳು. "ನಾನು ನೀಲಿ ಇಂಟು ಹಾಕಿದ್ದ ಸೋರೋ ಹಂಚನ್ನೂ ಬಿಡದೆ ಹೊತ್ಕೊಂಡು ಹೋದ."

ಇವಳಿಗೆ ಹಜಾರದ ನಡುವಿನ ಹಂಚುಗಳು ನೆನಪಾದವು. ಬಿಚ್ಚಿ ಹೊಲಿಯಬೇಕಾದ ಕಡೆ ನೀಲಿ ಸೀಮೆಸುಣ್ಣದಲ್ಲಿ ಇಂಟು ಹಾಕುವುದು ದೊಡ್ಡಮ್ಮನ ರೂಢಿ. ಮಳೆಗಾಲದಲ್ಲಿ ಸೋರುವ ಹಂಚಿಗೂ ಅದೇ ಶಾಸ್ತ್ರ: ಕೋಲಿನ ತುದಿಗೆ ನೀಲಿ ಬಣ್ಣದಲ್ಲಿ ಅದ್ದಿದ ಚಿಂದಿ ಕಟ್ಟಿ ಕೆಳಗಿನಿಂದಲೇ ಗುರುತು ಹಾಕುತ್ತಿದ್ದಳು. ಹಂಚು ಕೈಯಾಡಿಸಿ ಸರಿಪಡಿಸಲು ಬಂದವನು ಅವನ್ನು ಸೂರಿನ ಅಂಚಿಗೆ ಸರಿಸುತ್ತಿದ್ದ, ಅಲ್ಲಿ ಸೋರಿದರೆ ಹೊರಗೆ ಬೀಳುತ್ತದೆ. ಆ ಚಾವಣಿಯ ಕೆಳಗೇ ಇವಳು ಪುಸ್ತಕದಲ್ಲಿ ತಲೆ ಹುದುಗಿಸಿ ಓದಿದ್ದಳು. ಕೋಲು ಆಡುವುದನ್ನು ಕಂಡಿದ್ದಳು, ತಲೆ ಎತ್ತಿ ಗುರುತನ್ನು ನೋಡಿರಲಿಲ್ಲ. ದೀಪದ ಬುಡದಲ್ಲಿ ಕತ್ತಲೆ ಎನ್ನುವುದು ಇದಕ್ಕೇ.

ಸೆಕೆ ಅಲ್ಲವೇ ಎಂದು ಕೇಳಿದ್ದಕ್ಕೆ ದೊಡ್ಡಮ್ಮ ಮೊಣಕೈಯ ಬೆವರುಸಾಲೆ ಕೆರೆದುಕೊಂಡಳು. "ಮಧ್ಯಾಹ್ನ ಮೆಷಿನ್ನು ಮುಟ್ಟಕ್ಕಾಗಲ್ಲ. ಅಭ್ಯಾಸ ಆಗುತ್ತೆ ಬಿಡು."

ಆ ಹುಚ್ಚ ನಾನೇ ದೊಡ್ಡಮ್ಮಾ ಎಂಬ ಮಾತು ನಾಲಿಗೆಯ ತುದಿಗೆ ಬಂದಿತ್ತು. ಹೇಳಲಿಲ್ಲ. ಇನ್ನೂ ಕೆಟ್ಟದ್ದೆಂದರೆ, ಚೀಲದಲ್ಲಿದ್ದ ಆಮಂತ್ರಣ ಪತ್ರಿಕೆಯನ್ನೂ ತೆಗೆಯಲಿಲ್ಲ. ಕೊಟ್ಟರೆ ಬರುತ್ತಾಳೆ, ಬಂದರೆ ಮೇಲೆ ನೋಡುತ್ತಾಳೆ. ದೊಡ್ಡಮ್ಮ ಕೊಟ್ಟ ನೀರು ಕುಡಿದು, ಸುಮ್ಮನೆ ನೋಡಿಕೊಂಡು ಹೋಗಲು ಬಂದೆ ಎಂದು ಸುಳ್ಳು ಹೇಳಿ ಎದ್ದಳು. ದಾರಿಯುದ್ದಕ್ಕೂ ಆ ಪತ್ರಿಕೆ ಚೀಲದಲ್ಲಿ ಕೆಂಡದ ಹಾಗಿತ್ತು. ತನ್ನ ಮೇಲೆ ತನಗೇ ಹೇಸಿಗೆಯಾಯಿತು. ಗುರುತಿನ ಕಥೆ ಬೇಡ, ಬಿಡೋಣ ಎಂದು ಮಾಲೀಕರಿಗೆ ಹೇಳಿ ನೋಡಿದಳು. ಯಾಕೆ ಎಂದು ಅವರು ಕೇಳಿದ್ದಕ್ಕೆ ಮಾತು ಬದಲಿಸಿದಳು.

ಉದ್ಘಾಟನೆಯ ದಿನ ಜನ ಸೇರಿದ್ದರು. ಬಾಗಿಲಲ್ಲಿ ಕಂಡವಳು ದೊಡ್ಡಮ್ಮ, ಇಸ್ತ್ರಿಯ ಗೆರೆ ಮುರಿಯದ ಬಟ್ಟೆಯುಟ್ಟು. ಬಟ್ಟೆ ಹೊಲಿಸಲು ಬಂದವರ ಬಾಯಿಂದ ಸುದ್ದಿ ತಿಳಿಯಿತಂತೆ.

"ಗಡಿಬಿಡೀಲಿ ಕರೆಯೋದು ಮರೆತಿರ್ತೀಯ ಅಂತ ನಾನೇ ಬಂದೆ," ಎಂದಳು. ಭೂಮಿ ಬಾಯ್ಬಿಡಬಾರದೇ ಎನಿಸಿತು ಇವಳಿಗೆ.

ಮಾಲೀಕರು ಮೈಕು ಹಿಡಿದು ಪಾಳುಮನೆಗಳ ಹಂಚಿಗೆ ಮರುಜನ್ಮ ಕೊಟ್ಟದ್ದನ್ನು ಬಣ್ಣಿಸಿದರು. ಆಮೇಲೆ ಹಂಚುಗಾರರ ಗುರುತಿನ ಕಥೆ. ಎಲ್ಲರ ತಲೆಗಳೂ ಮೇಲಕ್ಕೆದ್ದವು. ದೊಡ್ಡಮ್ಮನದೂ. ಇವಳೊಬ್ಬಳು ದೊಡ್ಡಮ್ಮನ ಮುಖವನ್ನೇ ನೋಡುತ್ತಿದ್ದಳು. ಆ ಮುಖದ ನಗು ಒಂದು ಗಳಿಗೆ ನಿಂತಿತು.

ಪಕ್ಕದಲ್ಲಿದ್ದ ಅತಿಥಿಯೊಬ್ಬರು, ನೀವು ಹಿರಿಯರು, ಇಂಥ ಗುರುತು ಎಲ್ಲಾದರೂ ನೋಡಿದ್ದೀರಾ ಎಂದು ದೊಡ್ಡಮ್ಮನನ್ನೇ ಕೇಳಿದರು. ದೊಡ್ಡಮ್ಮ ಕನ್ನಡಕ ಸರಿಮಾಡಿಕೊಂಡಳು.

"ನಮ್ಮ ಹುಡುಗಿ ಓದಿದವಳು. ಅವಳು ಹೇಳಿದ್ರೆ ಸರಿಯಾಗೇ ಇರುತ್ತೆ."

ಚಪ್ಪಾಳೆ ಬಿತ್ತು. ಮೈಕು ಇವಳ ಕೈಗೂ ಬಂತು. ಈಗಲಾದರೂ ಹೇಳಬಹುದಿತ್ತು. ಧನ್ಯವಾದ ಎಂದಷ್ಟೇ ಹೇಳಿ ವಾಪಸು ಕೊಟ್ಟಳು.

ಜನ ಊಟಕ್ಕೆ ಹೋದ ಮೇಲೆ ಹಜಾರದಲ್ಲಿ ಉಳಿದವರು ಇವರಿಬ್ಬರೇ. ದೊಡ್ಡಮ್ಮ ಬೆತ್ತದ ಕುರ್ಚಿಯಲ್ಲಿ ಕಣ್ಣು ಮುಚ್ಚಿ ಕೂತಿದ್ದಳು. ಇವಳು ಅವಳ ಕಾಲ ಬಳಿ ಕುಕ್ಕರಿಸಿದಳು.

"ಆ ನಡುವಿನ ಕುರ್ಚಿಗಳನ್ನ ಆಚೆ ಸರಿಸು," ಎಂದಳು ದೊಡ್ಡಮ್ಮ, ಕಣ್ಣು ತೆರೆಯದೆ. "ಮೊದಲನೇ ಮಳೆಗೇ ಸೋರುತ್ತೆ. ಬಂದವರು ನಿನ್ನ ಆಡ್ಕೋತಾರೆ."

ಇವಳು ತಲೆ ತಗ್ಗಿಸಿದಳು. ದೊಡ್ಡಮ್ಮನ ಕೈ ಇವಳ ನೆತ್ತಿಯ ಮೇಲೆ ಬಂದು ಕೂತಿತು.

"ಅವತ್ತು ಹುಚ್ಚ ಅಂದ್ಬಿಟ್ಟೆ. ನೀನು ಅಂತ ಗೊತ್ತಿರಲಿಲ್ಲ ಕಣೇ. ಮನಸ್ಸಿಗೆ ಹಚ್ಕೋಬೇಡ."

ಬೈದಿದ್ದರೆ ತಡೆದುಕೊಳ್ಳಬಹುದಿತ್ತು. ಇವಳು ಎದ್ದು ಕುರ್ಚಿಗಳನ್ನು ಒಂದೊಂದಾಗಿ ಎಳೆಯತೊಡಗಿದಳು. ದೊಡ್ಡಮ್ಮ ಕೂತಿದ್ದ ಕುರ್ಚಿಯ ಹತ್ತಿರ ಬಂದಾಗ ದೊಡ್ಡಮ್ಮ, ಇದೊಂದು ಇರಲಿ, ಇನ್ನು ಸ್ವಲ್ಪ ಹೊತ್ತು ಕೂತಿರುತ್ತೇನೆ, ಇಲ್ಲಿ ತಂಪಾಗಿದೆ ಎಂದಳು.