ನಂಬದವಳ ಪ್ರಸಾದ

ಕಾಡುಗೋಡಿ ಮಾರುಕಟ್ಟೆಯಲ್ಲಿ ಸೊಪ್ಪು ಆರಿಸುವಾಗ ಅತ್ತೆಯ ಕೊರಳ ಶಿವದಾರ ಹರಿದು, ಇಷ್ಟಲಿಂಗವಿದ್ದ ಬೆಳ್ಳಿ ಕರಡಿಗೆ ಎಲ್ಲೋ ಬಿದ್ದುಹೋಯಿತು. ಹುಡುಕಿದ್ದೇ ಹುಡುಕಿದ್ದು, ಸಿಗಲಿಲ್ಲ. ದಿನವೂ ಲಿಂಗವನ್ನು ಎಡ ಅಂಗೈಯಲ್ಲಿಟ್ಟು ಪೂಜಿಸಿ, ಅದಕ್ಕೆ ತೋರಿಸಿಯೇ ತುತ್ತೆತ್ತುವವರು ನಮ್ಮತ್ತೆ ಮಹಾಂತಮ್ಮ. ಗುರುಗಳು ಬಂದು ಹೊಸ ಲಿಂಗ ಕಟ್ಟುವವರೆಗೆ ಊಟವಿಲ್ಲ ಎಂದುಬಿಟ್ಟರು. ಅವತ್ತು ಗುರುವಾರ. ಗುರುಗಳು ಬರುವುದು ಸೋಮವಾರ. ಅತ್ತೆಗೆ ಸಕ್ಕರೆ ಕಾಯಿಲೆ.

ನಾನು ವೈಟ್‌ಫೀಲ್ಡಿನಲ್ಲಿ ಆಪ್ತಸಮಾಲೋಚಕಿ. ಸಾವಿನ ಭಯ, ಒಂಟಿತನ ಹೊತ್ತು ಬರುವ ಸಾಫ್ಟ್‌ವೇರ್ ಮಂದಿಗೆ, ಬದುಕಿನ ಅರ್ಥ ಮೇಲಿನಿಂದ ಬೀಳುವುದಿಲ್ಲ, ನಾವೇ ಕಟ್ಟಿಕೊಳ್ಳಬೇಕು ಎನ್ನುವವಳು. ಅತ್ತೆಗೂ ಅದನ್ನೇ ಒಂದು ಗಂಟೆ ಕೊರೆದೆ. ಪೂರ್ತಿ ಕೇಳಿಸಿಕೊಂಡು, ನಿನ್ನ ಊಟ ಆಯಿತೇ ಎಂದು ಕೇಳಿದರು.

ಶುಕ್ರವಾರ ಸಂಜೆಗೆ ಅವರ ಸಕ್ಕರೆ ಮಟ್ಟ ತೀರಾ ಇಳಿಯಿತು. ಡಾಕ್ಟರು ಗದರಿದರು, ನನ್ನ ಗಂಡ ಗುರುರಾಜ್ ಕಾಲು ಹಿಡಿದ. ಅತ್ತೆ ಜಗ್ಗಲಿಲ್ಲ. ನನಗೆ ಸಿಟ್ಟು ಬಂದಿತ್ತು, ಅದಕ್ಕಿಂತ ಹೆಚ್ಚು ಹೆದರಿಕೆ. ಕೊನೆಗೆ ಉಪದೇಶ ಬಿಟ್ಟು, ಆ ಲಿಂಗದಲ್ಲಿ ಅಂಥದ್ದೇನಿತ್ತು ಎಂದು ಕೇಳಿದೆ.

"ನಿಮ್ಮ ಮಾವ ಹೋದಮ್ಯಾಲೆ ನನ್ನ ಯಾರ್ ನೋಡ್ತಾರವಾ ಉಮಾ? ನೀವಿಬ್ರೂ ಫೋನ್ ನೋಡ್ತೀರಿ. ದಿನಾ ಅರ್ಧ ತಾಸು ಅದು ನನ್ನ ನೋಡ್ತಿತ್ತು."

ಬೀರುವಿನಲ್ಲಿ ಸೀರೆಗಳ ಕೆಳಗೆ ಹನ್ನೊಂದು ವರ್ಷದಿಂದ ಬಿದ್ದಿದ್ದ ನನ್ನ ಲಿಂಗವನ್ನೇ ತಂದು, ಇದನ್ನು ಕಟ್ಟಿಕೊಳ್ಳಿ ಎಂದೆ. ನನ್ನಂಥ ಓದಿದವಳು ಮಾತ್ರ ಮಾಡುವ ಪೆದ್ದು ಕೆಲಸ. ಒಬ್ಬರ ಲಿಂಗ ಇನ್ನೊಬ್ಬರಿಗೆ ಸಲ್ಲುವುದಿಲ್ಲ. ಅತ್ತೆ ಬೈಯಲಿಲ್ಲ.

"ನೀ ಅದಕ್ಕ ಪೂಜಿ ಮಾಡಿ, ತೋರ್ಸಿದ ಅನ್ನ ಕೊಟ್ರ ಅದು ಪ್ರಸಾದ. ಪ್ರಸಾದ ಒಲ್ಲೆ ಅನ್ನಾಕ ಬರೂದಿಲ್ಲ."

"ನಾನು ನಂಬಲ್ಲ ಅತ್ತೆ. ಸುಳ್ಳು ಸುಳ್ಳೇ ಮಾಡಿದ ಹಾಗಾಗುತ್ತೆ."

"ನಂಬು ಅಂತ ಯಾರಂದ್ರು? ಸುಮ್ನ ನೋಡು."

ಸ್ನಾನ ಮಾಡಿ, ವಿಭೂತಿ ಹಚ್ಚಿ, ಅಂಗೈಯಲ್ಲಿಟ್ಟುಕೊಂಡು ಕೂತೆ. ಎಷ್ಟೋ ಜನರ ಕಣ್ಣಲ್ಲಿ ಕಣ್ಣಿಟ್ಟು ಕೂರುವ ನನಗೆ, ಈ ಪುಟ್ಟ ಕರಿಯ ಲಿಂಗದ ಮುಂದೆ ಎರಡು ನಿಮಿಷ ಕೂರುವುದು ಕಷ್ಟವಾಯಿತು. ಊರವರನ್ನೆಲ್ಲ ನಿಮಗೆ ಒಂಟಿತನವೇ ಎಂದು ಕೇಳುತ್ತೇನೆ, ನನ್ನನ್ನು ಯಾರೂ ಕೇಳಿಲ್ಲ ಎನ್ನಿಸಿತು. ಅಳು ಬಂತು, ಅತ್ತುಬಿಟ್ಟೆ. ಪಕ್ಕದಲ್ಲಿ ಕೂತಿದ್ದ ಅತ್ತೆ ನನ್ನ ಬೆನ್ನ ಮೇಲೆ ಕೈಯಿಟ್ಟರು.

ಅನ್ನ ಸಾರನ್ನು ಲಿಂಗಕ್ಕೆ ತೋರಿಸಿ, ಕಲಸಿ ಮೊದಲ ತುತ್ತು ಕೊಟ್ಟೆ. ಉಂಡರು.

"ದೇವ್ರು ಕಂಡ್ನೇನು?"

"ಇಲ್ಲ. ನೀವೆಷ್ಟು ಸೊರಗಿದ್ದೀರಿ ಅನ್ನೋದು ಈಗ ಕಾಣಿಸ್ತಿದೆ."

ಅತ್ತೆ ತಟ್ಟೆಯನ್ನು ಮುಂದೆ ತಳ್ಳಿ ಇನ್ನೊಂದು ಹಿಡಿ ಅನ್ನ ಹಾಕಿಸಿಕೊಂಡರು.