ಬೇಳೆ ಸೀದ ಯುಗಾದಿಯ ಹೂರಣ

ಎಲ್ಲಿಂದ ಶುರು ಮಾಡಲಿ? ಬೇಳೆ ಸೀದ ವಾಸನೆಯಿಂದಲೋ, ನಾಚಿಯಮ್ಮನ ಕೈ ಮುರಿದ ದಿನದಿಂದಲೋ? ವಾಸನೆಯಿಂದ ಶುರು ಮಾಡಿದರೆ ನೀವು ಮೂಗು ಹಿಡಿದುಕೊಂಡೇ ಒಳಗೆ ಬರುತ್ತೀರಿ, ಬಂದ ಮೇಲೆ ಯಾಕೆ, ಹೇಗೆ ಎಂದು ಪೀಡಿಸುತ್ತೀರಿ. ಮೊದಲ ಡ್ರಾಫ್ಟಿನಲ್ಲಿ ನೆಗಮಂ ಊರಿನ ವರ್ಣನೆ ಎರಡು ಪುಟ ಇತ್ತು. ಹರಿದು ಹಾಕಿದೆ. ಅಷ್ಟು ಹೊತ್ತಿಗೆ ಇನ್ನೊಂದು ಪಾತ್ರೆ ಬೇಳೆ ಬೇಯಿಸಬಹುದಿತ್ತು.

ಕೈಯಿಂದಲೇ ಹೋಗೋಣ.

೧

ಬೆಳ್ಳಿಯಪ್ಪ ತಮಿಳು ಸೀಮೆಯ ನೆಗಮಂನಲ್ಲಿ ಕೈಮಗ್ಗದ ಸೀರೆ ನೇಯುವವನು, ಮನೆಮಾತು ಕನ್ನಡ. ವಯಸ್ಸು ಐವತ್ತೆರಡು. ಯುಗಾದಿಗೆ ಹತ್ತು ದಿನ ಇರುವಾಗ ಅವನ ಹೆಂಡತಿ ನಾಚಿಯಮ್ಮ ಬಟ್ಟೆ ಒಗೆಯುವ ಕಲ್ಲಿನ ಹತ್ತಿರ ಜಾರಿ ಬಿದ್ದು ಬಲಗೈ ಮುರಿದುಕೊಂಡಳು. ಮೊಣಕೈವರೆಗೆ ಪ್ಲಾಸ್ಟರಿನ ಮಾವುಕಟ್ಟು ಬಿತ್ತು. ಅದೇ ಯುಗಾದಿಗೆ ಮಗಳು ಸುಶೀಲ, ಮದುವೆಯಾದ ಮೇಲೆ ಮೊದಲ ಸಲ, ಗಂಡ ರಾಮಲಿಂಗಂ ಜೊತೆ ಕರುಮತ್ತಂಪಟ್ಟಿಯಿಂದ ಬರುವುದಿತ್ತು. ಅಳಿಯನ ಮೊದಲ ಹಬ್ಬದೂಟ. ಎಲೆಗೆ ಒಬ್ಬಟ್ಟು ಬೀಳಲೇಬೇಕು. ಮದುವೆ ಮನೆಯಲ್ಲೇ ಪಾಯಸ ನೀರಾಗಿದೆ ಎಂದು ಎಲ್ಲರಿಗೂ ಕೇಳುವಂತೆ ಹೇಳಿದವಳು ಬೀಗತಿ. ಈಗ ಒಬ್ಬಟ್ಟೇ ಇಲ್ಲದಿದ್ದರೆ ಅವಳ ಚುಚ್ಚುಮಾತನ್ನೆಲ್ಲ ಸುಶೀಲ ಕೇಳಿಕೊಳ್ಳಬೇಕು.

(ಇಸವಿ ಎಂಬತ್ತಾರೋ ಎಂಬತ್ತೇಳೋ. ಬೆಳ್ಳಿಯಪ್ಪನನ್ನು ಕೇಳಿದರೆ ‘ಸುಶೀಲ ಮದುವೆ ಆದ ಮಾರನೇ ವರ್ಷ’ ಎನ್ನುತ್ತಾನೆ. ನಿಮಗೂ ಅಷ್ಟು ಸಾಕು.)

೨

ಹಬ್ಬದ ಬೆಳಿಗ್ಗೆ ನಾಚಿಯಮ್ಮ ಮಂಚದ ಮೇಲೆ ಕೂತು ಹೇಳಿದಂತೆಲ್ಲ ಬೆಳ್ಳಿಯಪ್ಪ ಮಾಡಿದ. ಮೈದಾ ಕಲಸಿ ಎಣ್ಣೆಯಲ್ಲಿ ನೆನೆಯಲು ಇಟ್ಟ. ಕಡಲೆಬೇಳೆಯನ್ನು ಒಲೆಗೇರಿಸಿದ. ಆಮೇಲೆ, ಕಡಿದುಹೋದ ಒಂದು ಎಳೆ ಕಟ್ಟಿ ಬರುತ್ತೇನೆಂದು ಮಗ್ಗದ ಗುಂಡಿಗೆ ಇಳಿದ. ಇಳಿದವನು ಸೆರಗಿನ ಅಂಚು ನೋಡುತ್ತ ಉಳಿದುಬಿಟ್ಟ.

“ಏನುಂಗ! ಬೇಳೆ ಹತ್ತಿಕೊಂತು, ಬೇಳೆ!” ನಾಚಿಯಮ್ಮ ಮಂಚದಿಂದಲೇ ಗಂಡನನ್ನು ಕೂಗಿದಳು.

ಅವನು ಓಡಿಬಂದಾಗ ಪಾತ್ರೆಯ ತಳ ಕರಿ, ಅಡುಗೆಮನೆ ತುಂಬ ಹೊಗೆ. ಗಂಟೆ ಒಂಬತ್ತೂವರೆ ದಾಟಿತ್ತು. ಮಗಳು ಅಳಿಯನ ಬಸ್ಸು ಬರುವುದು ಹನ್ನೊಂದಕ್ಕೆ. ಬೇರೆ ಬೇಳೆ ತಂದು, ಬೇಯಿಸಿ, ಬಸಿದು, ರುಬ್ಬುವಷ್ಟು ಹೊತ್ತಿಲ್ಲ. ನಾಚಿಯಮ್ಮ ಅಳತೊಡಗಿದಳು. ಮೂಳೆ ಮುರಿದ ದಿನವೂ ಅತ್ತವಳಲ್ಲ. ಬೆಳ್ಳಿಯಪ್ಪ ನಿಜವಾಗಿ ಹೆದರಿದ್ದು ಆಗ.

೩

ಇಲ್ಲಿ ನಾನು ಪಕ್ಕದ ಮನೆಯ ಮುತ್ತಮ್ಮಾಳನ್ನು ಒಂದು ಡಬರಿ ಹೂರಣದ ಜೊತೆ ಕಳಿಸಿದ್ದೆ. ಸುಲಭ ಅಲ್ಲವೇ? ಅವಳು ಹೊಸ್ತಿಲು ದಾಟುವ ಮೊದಲೇ ಬೆಳ್ಳಿಯಪ್ಪ ಅಡ್ಡ ನಿಂತು ನನ್ನ ಕಡೆ ತಿರುಗಿದ.

“ಬೇಡ ಸಾರ್. ಸುಟ್ಟದ್ದು ನಾನು. ನಾನೇ ಏನಾದ್ರು ಮಾಡ್ತೀನಿ.”

“ನಿನಗೇನಯ್ಯಾ ಬರುತ್ತೆ?”

“ನೂಲಿಗೆ ಗಂಜಿ ಕಾಸಕ್ ಬರುತ್ತೆ.”

ಮುತ್ತಮ್ಮಾಳ್ ವಾಪಸು ಹೋದಳು. (ಡಬರಿಯನ್ನೂ ಒಯ್ದಳು.)

೪

ಅವನು ಡಬ್ಬಿಗಳನ್ನು ಒಂದೊಂದಾಗಿ ತೆರೆದ. ಚಟ್ನಿಗೆಂದು ಇಟ್ಟ ಹುರಿಗಡಲೆ, ಅವರ ಬಾಯಲ್ಲಿ ಪೊಟ್ಟುಕಡಲೆ, ಸಿಕ್ಕಿತು. ಬೆಲ್ಲ ಇತ್ತು. ತೆಂಗಿನಕಾಯಿಗೆ ಆ ಊರಿನಲ್ಲಿ ಬರವೇ?

“ಪೊಟ್ಟುಕಡಲೆ ಸೋಮಾಸಿಗೆ ಹಾಕೋದು,” ಎಂದಳು ನಾಚಿಯಮ್ಮ ಮೂಗು ಒರೆಸಿಕೊಳ್ಳುತ್ತ. (ಸೋಮಾಸಿ ಅಂದರೆ ನಮ್ಮ ಕರ್ಜಿಕಾಯಿ.) “ಒಬ್ಬಟ್ಟಿಗೆ ಯಾರ್ ಹಾಕ್ತಾರೆ?”

“ಇವತ್ತು ನಾನ್ ಹಾಕ್ತೀನಿ.”

ಹುರಿಗಡಲೆಯನ್ನು ಒರಳಲ್ಲಿ ಕುಟ್ಟಿ ಜರಡಿ ಹಿಡಿದ. ಕಾಯಿ ತುರಿದ, ಜೊತೆಗೆ ಬೆರಳನ್ನೂ ಸ್ವಲ್ಪ ತುರಿದುಕೊಂಡ. ಬೆಲ್ಲ ಕರಗಿಸಿ ಸೋಸಿ, ಕಾಯಿ ಹಾಕಿ ಕೈಯಾಡಿಸಿದ.

“ಪದ ಬಂತಾ?” ಪಾಕದ ಹದವನ್ನು ಮಂಚದಿಂದ ಕೇಳಿದಳು.

“ಪದ ಅಂದ್ರೆ ಎಂಗಿರುತ್ತೆ?”

“ಅದನ್ನ ಎಂಗ್ ಹೇಳ್ಳಿ? ಕೈಗೆ ಗೊತ್ತಾಗುತ್ತೆ.”

ಅವನ ಕೈಗೆ ಗೊತ್ತಿದ್ದದ್ದು ಗಂಜಿ. ಹೆಬ್ಬೆರಳು ತೋರುಬೆರಳಿನ ನಡುವೆ ಪಾಕ ಹಿಡಿದು ಬಿಡಿಸಿದ, ಎಳೆ ಬಂತು. ಆದರೂ ನಂಬಿಕೆ ಸಾಲದೆ ಬಾಣಲೆಯನ್ನೇ ಮಂಚದ ಹತ್ತಿರ ಹೊತ್ತು ತಂದು, ಅವಳ ಎಡಗೈ ಬೆರಳಿಗೆ ಒಂದು ಚೂರು ಇಟ್ಟ. ಅವಳು ಉಜ್ಜಿ ನೋಡಿದಳು.

“ಬಂದಿದೆ,” ಎಂದಳು. ಅಳು ನಿಂತಿತ್ತು.

ಹುರಿಗಡಲೆ ಪುಡಿ, ಏಲಕ್ಕಿ ಬೆರೆಸಿದ. ಉಂಡೆ ಕಟ್ಟಿದರೆ ನಿಂತಿತು. ಬೇಯಿಸುವುದಿಲ್ಲ, ರುಬ್ಬುವುದಿಲ್ಲ, ಅರ್ಧ ಗಂಟೆಯಲ್ಲಿ ಹೂರಣ!

೫

ನಾನು ಇದನ್ನು ಸಂಭ್ರಮದಿಂದ ಬರೆಯುತ್ತಿರುವಾಗ ನಾಚಿಯಮ್ಮ ನನ್ನ ಕಡೆ ತಿರುಗಿದಳು.

“ಅವರು ಒಂದ್ ದಿನ ಒಲೆ ಮುಂದೆ ಕೂತ್ರೆ ನಿಮಗೆ ಕತೆ. ನಾನ್ ಇಪ್ಪತ್ತೆಂಟ್ ವರ್ಷ ಕೂತೆ. ಆಗ ಎಲ್ಲಿಗ್ ಹೋಗಿದ್ರಿ?”

ಓದುಗರೇ, ಉತ್ತರ ನಿಮ್ಮ ಹತ್ತಿರ ಇದ್ದರೆ ಕೊಡಿ. ನಾನು ಪೆನ್ನಿನ ಕ್ಯಾಪು ಹುಡುಕುವವನಂತೆ ತಲೆ ಬಗ್ಗಿಸಿದೆ.

ಬಾಳೆಲೆಯ ಮೇಲೆ ಒಬ್ಬಟ್ಟು ತಟ್ಟುತ್ತಿದ್ದ ಬೆಳ್ಳಿಯಪ್ಪನಿಗೂ ಅದು ಕೇಳಿಸಿತು. ಅವನ ಕೈ ನಿಂತಿತು. ಪ್ರತಿ ಯುಗಾದಿಗೂ ಅವನು ಎಲೆ ಮುಂದೆ ಕೂತಿದ್ದಾನೆ, ತಿಂದಿದ್ದಾನೆ, ಎದ್ದು ಮಗ್ಗಕ್ಕೆ ಹೋಗಿದ್ದಾನೆ. ಹೊಗೆಯಲ್ಲಿ ಅವಳ ಕಣ್ಣು ಉರಿಯುತ್ತಿತ್ತೇ? ಬಿಸಿ ಬೆಲ್ಲ ಅವಳ ಬೆರಳನ್ನೂ ಹೀಗೇ ಸುಡುತ್ತಿತ್ತೇ? ಒಮ್ಮೆಯೂ ಕೇಳಿರಲಿಲ್ಲ. ಏನಾದರೂ ಹೇಳಬೇಕು ಅನ್ನಿಸಿತು. ಗಂಡ ಹೆಂಡತಿಗೆ ಹೇಳುವಂಥ ಮಾತು ಅವನ ಕನ್ನಡದಲ್ಲೂ ಇರಲಿಲ್ಲ, ತಮಿಳಿನಲ್ಲೂ ಇರಲಿಲ್ಲ. ನಾನು ಒಂದೆರಡು ವಾಕ್ಯ ಬರೆದುಕೊಟ್ಟೆ. ಓದಲು ಬರುವುದಿಲ್ಲ ಎಂದು ಹಿಂದಿರುಗಿಸಿದ.

೬

ಬಸ್ಸು ಹೊತ್ತಿಗೆ ಸರಿಯಾಗಿ ಬಂತು. ಅಪ್ಪನ ಮೀಸೆಯ ಮೇಲಿನ ಮೈದಾ ನೋಡಿ ಸುಶೀಲ ಮೊದಲು ನಕ್ಕಳು, ಆಮೇಲೆ ಅವ್ವನ ಕೈ ನೋಡಿ ಮಂಚದ ಪಕ್ಕ ಕೂತಳು. ಎಲೆ ಹಾಕಿದರು. ರಾಮಲಿಂಗಂ ಹೊಸ ವೇಷ್ಟಿ ಸರಿಮಾಡಿಕೊಂಡು ಕೂತ. ಬೆಳ್ಳಿಯಪ್ಪ ಮೊದಲ ಒಬ್ಬಟ್ಟಿಗೆ ತುಪ್ಪ ಸವರಿ ತಂದ.

ತಂದವನು ಅಳಿಯನ ಎಲೆ ದಾಟಿ ನೇರ ಮಂಚದ ಹತ್ತಿರ ಹೋದ. ಒಂದು ತುಂಡು ಮುರಿದು ನಾಚಿಯಮ್ಮನ ಬಾಯಿಗೆ ಹಿಡಿದ.

ಅವಳ ಮುಖ ಕೆಂಪಾಯಿತು, ಕಣ್ಣು ಅಳಿಯನ ಕಡೆ ಹೋಯಿತು. “ಐಯೋ, ಮಾಪ್ಳೆ ಎದುರ್ಗೆ... ಮೊದ್ಲು ಅವರ್ಗೆ ಹಾಕಿ.”

“ಇಷ್ಟ್ ವರ್ಷ ನೀನೇ ಕೊನೇಲಿ ತಿಂದೆ,” ಎಂದ ಬೆಳ್ಳಿಯಪ್ಪ. ಹಿಡಿದ ತುಂಡನ್ನು ಇಳಿಸಲಿಲ್ಲ.

ಸುಶೀಲ ಗಂಡನ ಮುಖ ನೋಡಿದಳು. ರಾಮಲಿಂಗಂ ಕೈಯನ್ನು ಎಲೆಯಿಂದ ಹಿಂದಕ್ಕೆ ತೆಗೆದುಕೊಂಡ. “ಅತ್ತೆ ತಿನ್ಲಿ ಮಾಮ. ನನಗೆ ಅವಸರ ಇಲ್ಲ.”

ನಾಚಿಯಮ್ಮ ಬಾಯಿ ತೆರೆದಳು. ನಿಧಾನ ಅಗಿದಳು. ಕಣ್ಣಲ್ಲಿ ನೀರು.

“ಒಂದ್ ಚಿಟಿಕೆ ಉಪ್ಪು ಹಾಕ್ಬೇಕಿತ್ತು,” ಎಂದಳು.

೭

ಮುಕ್ತಾಯ ಒಂದು: ರಾಮಲಿಂಗಂ ಊರಿಗೆ ಹೋಗಿ ಎಲ್ಲ ಹೇಳುತ್ತಾನೆ, ಬೀಗತಿ ವರ್ಷವಿಡೀ ಆಡಿಕೊಳ್ಳುತ್ತಾಳೆ. ಮುಕ್ತಾಯ ಎರಡು: ಬೀಗತಿ ಈ ಹೂರಣ ಕಲಿಯಲು ತಾನೇ ಬಸ್ಸು ಹತ್ತುತ್ತಾಳೆ. ಎರಡನ್ನೂ ಬರೆದು ಬೆಳ್ಳಿಯಪ್ಪನಿಗೆ ಓದಿ ಹೇಳಿ, ಯಾವುದು ಬೇಕೋ ಆರಿಸಿಕೋ, ಕಥೆ ಮುಗಿಸೋಣ ಎಂದೆ.

“ಇರಿ ಸಾರ್,” ಎಂದ, ತಿರುಗಿಯೂ ನೋಡದೆ. “ಅವಳ್ದು ಇನ್ನೂ ಊಟ ಆಗಿಲ್ಲ.”

ಎರಡನೆಯ ತುಂಡು ಮುರಿದ.