ಹಸಿರು ಹಾಸಿನ ಕೆಳಗೆ

ಪ್ರಭಾ ನೆರಿಗೆ ಮೇಲೆತ್ತಿ ಸಿಕ್ಕಿಸಿ, ಗುಂಡಿಯ ಪಕ್ಕದ ಮಣ್ಣಿನ ಗುಡ್ಡೆಗೆ ಹೊದಿಸಿದ್ದ ಪ್ಲಾಸ್ಟಿಕ್ ಹುಲ್ಲಿನ ಹಾಸನ್ನು ಎಳೆಯತೊಡಗಿದಳು. ತಮ್ಮ ಶಶಿಕಾಂತ ಓಡಿಬಂದು ಇನ್ನೊಂದು ತುದಿ ಹಿಡಿದ.

"ಬಿಡಕ್ಕಾ, ಮಂದಿ ನೋಡಾಕತ್ತಾರ."

"ನೋಡ್ಲಿ. ಅವ್ವಗ ಮಣ್ಣು ಹಾಕದ ನಾ ಹೋಗೂದಿಲ್ಲ."

"ಇಲ್ಲಿ ಹಂಗಿಲ್ಲ. ನಾವು ಹೋದಮ್ಯಾಲೆ ಇವ್ರು ಮಷಿನ್ ತಂದು ಮುಚ್ಚತಾರ. ಎಲ್ಲಾ ಪ್ಯಾಕೇಜಿನ್ಯಾಗ ಐತಿ."

"ಬೆಕ್ಕು ಸೈತ ತನ್ನ ಹೇಲು ತಾನ ಮುಚ್ಚತೈತಿ. ನಿನಗ ಅವ್ವನ್ನ ಮುಚ್ಚಾಕ ಮಷಿನ್ ಬೇಕೇನೋ?"

ಶಶಿಕಾಂತ ನೆಲೆಸಿದ್ದ ಪರದೇಶದ ಊರು ಫ್ರಿಸ್ಕೋದಾಚೆಯ ಆ ಸ್ಮಶಾನ ಮದುವೆಮನೆಯಂತೆ ಸೆಂಟಿನಿಂದ ನಾರುತ್ತಿತ್ತು. ಅವ್ವ ಶಾಂತವ್ವನ ಶವಪೆಟ್ಟಿಗೆ ಗುಂಡಿಯ ಮೇಲೆ ಪಟ್ಟಿಗಳಲ್ಲಿ ತೂಗುತ್ತಿತ್ತು. ಅವರ ಹಿಂದೆ ಶಶಿಕಾಂತನ ಆಫೀಸಿನ ಶ್ರೀಕರ್ ಹೆಂಡತಿಗೆ ಪಿಸುಗುಟ್ಟಿದ: "ಪಾಪ, ಡಿಸೆಂಬರ್‌ನಲ್ಲೇ ಹೋಗ್ಬಿಟ್ರು. ನಾಳೆ ಕ್ರಿಸ್‌ಮಸ್ ಪಾರ್ಟಿ ಕ್ಯಾನ್ಸಲ್ಲಾ?"

"ಅವರ ಮನೇದು ಕ್ಯಾನ್ಸಲ್. ನಮ್ಮನೇದ್ಯಾಕೆ? ಕೇಟರಿಂಗ್ ಹೇಳಿ ಆಗಿದೆ," ಎಂದಳು ಅವನ ಹೆಂಡತಿ.



*

ಹಿಂದಿನ ವಾರ, ಕ್ರಿಸ್‌ಮಸ್‌ಗೆ ಮುಂಚಿನ ಆಗಮನ ಕಾಲದ ಎರಡನೇ ಭಾನುವಾರ. ಕೋಣೆಯಲ್ಲಿ ಆಕ್ಸಿಜನ್ ಇದ್ದುದರಿಂದ ಆಸ್ಪತ್ರೆಯವರು ಆ ವಾರದ ಮೇಣದಬತ್ತಿ ಹಚ್ಚಗೊಡಲಿಲ್ಲ. ಧಾರವಾಡದಲ್ಲಿ ಗಂಡ ಸತ್ತ ವರ್ಷವೂ ಬತ್ತಿ ಹಚ್ಚುವುದನ್ನು ಬಿಡದೆ, ಊರವರ ಅಂಗಿ ಹೊಲಿದು ಇಬ್ಬರು ಮಕ್ಕಳನ್ನೂ ಓದಿಸಿದ್ದ ಶಾಂತವ್ವ ಬರಿಗೈ ಜೋಡಿಸಿದಳು.

"ಅಂಜಿಕಿ ಆಗತೈತೇನವ್ವಾ?" ಎಂದು ಪ್ರಭಾ ಕೇಳಿದಳು.

"ಸೂಜಿ ಚುಚ್ಚುವಾಗ ಆಗತೈತಿ. ಸಾಯಾಕ ಎಂಥಾ ಅಂಜಿಕಿ? ಬರ್ತೇನಿ ಅಂದ ಕರ್ತ ತಡಾ ಆದ್ರೂ ಬರ್ತಾನ. ಅಲ್ಲೀಮಟ ಮಲಗಿರ್ತೀನಿ. ಮಣ್ಣು ಮಾತ್ರ ನೀವಿಬ್ಬರ ಹಾಕ್ರಿ. ಹೊರಗಿನವರ ಕೈಲೆ ಬ್ಯಾಡ."

ಫೋನಿನಿಂದ ತಲೆಯೆತ್ತದೆ ಶಶಿಕಾಂತ "ಹೂಂ" ಅಂದಿದ್ದ.

*

"ಹೂಂ ಅಂದಿದ್ದಿ," ಎಂದಳು ಪ್ರಭಾ.

"ಸಾಯಾವ್ರಿಗೆ ಎಲ್ಲಾರೂ ಹೂಂ ಅಂತಾರಕ್ಕಾ."

"ಥೂ!"

ಅವಳು ಕಪ್ಪು ಸೂಟಿನ ವ್ಯವಸ್ಥಾಪಕನ ಕಡೆ ತಿರುಗಿ, ಪೆಟ್ಟಿಗೆ ಈಗಲೇ ಇಳಿಸಿ, ನಾವು ಇಲ್ಲೇ ಇರುತ್ತೇವೆ ಎಂದು ಇಂಗ್ಲಿಷಿನಲ್ಲಿ ಹೇಳಿದಳು. ಆಗಲಿ ಎಂದು ಅವನು ತಲೆಯಾಡಿಸಿದ. ಅಷ್ಟೇ. ಅಲ್ಲಿಯವರೆಗೆ ಯಾರೂ ಅವನನ್ನು ಕೇಳಿರಲಿಲ್ಲ.

ಪೆಟ್ಟಿಗೆ ಇಳಿಯಿತು. ಶ್ರೀಕರ್ ದಂಪತಿ ಕಾರಿನತ್ತ ಸರಿದರು. ಹಾಸು ಕಿತ್ತು ಬಂತು. ಕೆಳಗಿದ್ದುದು ಧಾರವಾಡದ ಹೊಲದಂಥದೇ ಕಪ್ಪು ಎರೆಮಣ್ಣು.

ಪ್ರಭಾ ಬೊಗಸೆ ತುಂಬಿ ಹಾಕಿದಳು. ಪೆಟ್ಟಿಗೆಯ ಹಲಗೆಯ ಮೇಲೆ ಧಡ್ ಎಂದು ಸಪ್ಪಳವಾಯಿತು. ಶಶಿಕಾಂತ ಬೆಚ್ಚಿದ.

"ಕರ್ತನೇ, ಬಂದಾಗ ಈಕಿನ್ನ ಎಬ್ಬಸಾಕ ಮರೀಬ್ಯಾಡ," ಎಂದಳು ಅವಳು.

ಶಶಿಕಾಂತ ಒಂದು ಹೆಂಟೆ ಎತ್ತಿಕೊಂಡ. ಎಸೆಯಲಿಲ್ಲ. ಕೋಟಿನ ಅಂಚು ಮಣ್ಣಿಗೆ ತಾಗುವಂತೆ ಗುಂಡಿಯ ಅಂಚಿನಲ್ಲಿ ಕುಕ್ಕರುಗಾಲಲ್ಲಿ ಕೂತು, ಸಪ್ಪಳವಾಗದ ಹಾಗೆ, ಬೆರಳಿನಿಂದ ಪುಡಿಮಾಡಿ ಮಾಡಿ ಕೆಳಗೆ ಉದುರಿಸತೊಡಗಿದ.